ಭಸ್ಮಾಸುರನ ಹೆಜ್ಜೆ

ಯಕ್ಷಗಾನದ ಭಸ್ಮಾಸುರ-ಮೋಹಿನಿ ಪ್ರಸಂಗದಲ್ಲಿ ನಟನಿಗೊದಗುವಂಥ ಪರೀಕ್ಷೆಯು ಮತ್ತಾವ ಪ್ರಸಂಗದಲ್ಲಿಯೂ ಒದಗಲಾರದು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವಂತೆ ಶಿವನಿಂದ ವರವನ್ನು ಪಡೆದ ಅಸುರನು ಮೋಹಿನಿಗೆ ಮರುಳಾಗಿ, ಅವಳು ಕುಣಿದಂತೆ ತಾನೂ ಕುಣಿಯಲೊಪ್ಪುವನು. ಅಸುರನು ನಾಟ್ಯವನ್ನರಿಯನು, ಅವನ ವೇಷವನ್ನು ಧರಿಸಿದವನಿಗಾದರೋ ವರ್ಷಗಟ್ಟಲೆ ಕಲಿತ ಕುಣಿತವು ಕಾಲಿನಲ್ಲಿಯೇ ನೆಲಸಿರುವುದು. ಬಲ್ಲವನು ಅರಿಯದವನಂತೆ ಕುಣಿಯಬೇಕು. ಆದರೂ ತಾಳವು ತಪ್ಪಕೂಡದು.

ನೃತ್ತ ಭಾವಗಳ ಈ ಭೇದವನ್ನು ಶಾಸ್ತ್ರಕಾರರು ಹಿಂದೆಯೇ ಕಂಡಿದ್ದರು. ತಾಳಲಯಗಳನ್ನು ಆಶ್ರಯಿಸಿದುದು ನೃತ್ತವೆಂದೂ ಭಾವವನ್ನು ಆಶ್ರಯಿಸಿದುದು ನೃತ್ಯವೆಂದೂ ದಶರೂಪಕದಲ್ಲಿ ಧನಂಜಯನು ವಿಂಗಡಿಸಿದನು. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ, ಗೀತದ ಅರ್ಥಕ್ಕೆ ಸಂಬಂಧಿಸದ ನೃತ್ತವೇಕೆಂದು ಮುನಿಗಳು ಕೇಳಲು, ಅದು ಶೋಭೆಗಾಗಿ ಎಂದು ಭರತನು ಉತ್ತರಿಸುವನು. 108 ಕರಣಗಳನ್ನು ನಿರೂಪಿಸುವ ಅಧ್ಯಾಯದಲ್ಲಿಯೇ ಈ ಪ್ರಶ್ನೆಯೂ ಬಂದಿರುವುದು ಸ್ವಾರಸ್ಯವಾಗಿದೆ. ಹೀಗಿರಲು ಕುಣಿತವನ್ನೇ ಹಳಿಯುವವರಿಗೆ ಭರತನ ಬೆಂಬಲವು ದೊರೆಯದು. ಒಡ್ಡೋಲಗದಲ್ಲಿ ಶೋಭೆಯೇ ಪ್ರಯೋಜನ. ಅಲ್ಲಿ ಅರ್ಥವನ್ನು ಹುಡುಕುವುದು ವ್ಯರ್ಥ.

ವಿವಾದವೇಳುವುದು ಕಥೆಯ ನಡುವೆ. ಬಡಗುತಿಟ್ಟಿನಲ್ಲಿ ಮಂಡಿಯೂರಿ ಸುತ್ತುವ ಕುಣಿತವೂ ತೆಂಕುತಿಟ್ಟಿನಲ್ಲಿ ಧಿಂಗಿಣವೂ ಕಷ್ಟಸಾಧ್ಯವಾದ ವಿದ್ಯೆಗಳೇ ಸರಿ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯು ಹಾಗೆ ಸುತ್ತಿದರೆ ಆ ಸುತ್ತೇ ಅರ್ಥವಾಗುವುದು; ಎಲ್ಲ ಕಡೆಯಿಂದಲೂ ಮುತ್ತಿದ ವೈರಿಗಳು ಅವನ ಮೈಯಲ್ಲಿಯೇ ಕಾಣುವರು. ಅದೇ ಅಭಿಮನ್ಯು ತಾಯಿಯಾದ ಸುಭದ್ರೆಯನ್ನು ಬೀಳ್ಕೊಳ್ಳುವಾಗಲೂ ಹತ್ತಿಪ್ಪತ್ತು ಸುತ್ತು ಸುತ್ತಿದರೆ, ಪ್ರೇಕ್ಷಕರು ಸುತ್ತುಗಳನ್ನೆಣಿಸಿ ಶಿಳ್ಳೆ ಹಾಕುವರೇ ಹೊರತು ಆ ತಾಯಿಯ ಮುಖವನ್ನು ನೋಡುವವರಾರು? ಇರುಳೆಲ್ಲ ನಡೆಯುತ್ತಿದ್ದ ಆಟವು ಕಾಲಮಿತಿಗೆ ಇಳಿದಲ್ಲಿ ಈ ದೋಷವು ಇನ್ನೂ ಹೆಚ್ಚುವುದು. ಮೊದಲು ಕತ್ತರಿಗೆ ಸಿಗುವುದು ನಿಧಾನಗತಿಯ ಪದ್ಯ. ಸುತ್ತುಗಳು ಹಾಗೆಯೇ ಉಳಿಯುವುವು.

ಭಸ್ಮಾಸುರ, ಕೀಚಕ ಮೊದಲಾದ ಪಾತ್ರಗಳಿಂದ ಹೆಸರುಗೊಂಡು, 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ಕಾಲವಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಚುರುಕಾದ ಕುಣಿತದಿಂದಲೇ ಜನರನ್ನು ಸೆಳೆದವರು. ಆದರೆ ಅವರ ಕಾಲು ಓಡಿದೆಡೆಗೆ ಕಣ್ಣೂ ಓಡುತ್ತಿದ್ದಿತು. ಕೀಚಕನ ಕಾಮಾಂಧತೆಯು ಮಾತಿಗೆ ಮೊದಲೇ ಹೆಜ್ಜೆಯಲ್ಲಿ ತಿಳಿಯುತ್ತಿದ್ದಿತು. ಅವರನ್ನು ಅನುಕರಿಸಿದವರಲ್ಲಿ ಹಲವರು ಕಾಲನ್ನು ಕಲಿತರು, ಕಣ್ಣನ್ನು ಬಿಟ್ಟರು.

ಭಸ್ಮಾಸುರನ ಪಾತ್ರದಲ್ಲಿ ಈ ಕೊರತೆಯು ಮುಚ್ಚಿಡಲಾಗದಂಥದು. ಮೋಹಿನಿಯ ಹೆಜ್ಜೆಗೆ ಸರಿಸಮನಾಗಿ ಹೆಜ್ಜೆಯಿಡುವ ಅಸುರನನ್ನು ಕಂಡವರಿಗೆ ಇಬ್ಬರು ಒಳ್ಳೆಯ ಕುಣಿತಗಾರರು ಕಾಣುವರು, ಕಥೆಯು ಕಾಣದು. ಬಲ್ಲ ನಟನಾದರೋ ಮೊದಮೊದಲು ಅವಳ ಕಾಲನ್ನು ನೋಡದೆ ಮುಖವನ್ನೇ ನೋಡುವನು. ಆದುದರಿಂದಲೇ ಹೆಜ್ಜೆಯು ಒಂದಿಷ್ಟು ಹಿಂದೆ ಬೀಳುವುದು. ಅವಸರದಿಂದ ಮುಕ್ತಾಯಕ್ಕೆ ಬಂದು ಸೇರುವನು. ಅವಳು ನಗಲು, ತನ್ನನ್ನು ಮೆಚ್ಚಿದಳೆಂದು ಬೀಗುವನು. ಕ್ರಮೇಣ ಹೆಜ್ಜೆಯು ಕೂಡಿಬರುವುದು. ಅದರೊಡನೆ ಮದವೂ ಏರುವುದು. ಈಗ ಕಾಲೂ ಕೈಯೂ ಅವನ ವಶದಲ್ಲಿಲ್ಲ, ಅವಳ ವಶದಲ್ಲಿವೆ. ಮೋಹಿನಿಯು ಒಂದು ಕೈಯನ್ನು ಸೊಂಟದಲ್ಲಿರಿಸಿ ಇನ್ನೊಂದನ್ನು ಮೆಲ್ಲನೆ ಮೇಲೆತ್ತುವಳು. ಅಸುರನ ಕೈಯೂ ಏಳುವುದು. ನಟನು ಅಲ್ಲಿಯವರೆಗೂ ಬರಿಯ ಕುಣಿತವನ್ನೇ ತೋರಿಸಿದ್ದರೆ ಅದೂ ಒಂದು ಹಸ್ತವಿನ್ಯಾಸವೆಂದು ಕಳೆದುಹೋಗುವುದು. ಮರುಳನ್ನು ತೋರಿಸಿದ್ದರೆ, ಕಥೆಯನ್ನು ನೂರು ಸಲ ಕೇಳಿದ ಮುದುಕಿಯೂ ಆ ಕೈ ತಲೆಯನ್ನು ಮುಟ್ಟುವ ಮೊದಲೇ ಅಯ್ಯೋ ಎನ್ನುವಳು.