ಒಂದೇ ಚೂರು ಸಾಲದು

ಬಾಯಲ್ಲಿ ಮಾಯದ ಹುಣ್ಣು, ಮೈಮೇಲೆ ಮುಟ್ಟಿದರೆ ಒಡೆಯುವ ಗುಳ್ಳೆ. ಪೆಂಫಿಗಸ್ ಎಂಬ ಗುಳ್ಳೆಯ ಕಾಯಿಲೆ ಇರಬಹುದೆಂಬ ಅನುಮಾನ ಬಂದರೆ ವೈದ್ಯರು ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರನ್ನು ಫಾರ್ಮಾಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ನಾಲ್ಕೈದು ಮೈಕ್ರಾನ್ ತೆಳುವಾಗಿ ಕೊಯ್ದು ಹೆಮಟಾಕ್ಸಿಲಿನ್, ಇಯೋಸಿನ್ ಬಣ್ಣ ಹಾಕುವುದು ಹಳೆಯ ರೂಢಿ. ಖರ್ಚು ಕಡಿಮೆ, ಸ್ಲೈಡ್ ವರ್ಷಗಟ್ಟಲೆ ಉಳಿಯುತ್ತದೆ. ಈ ವಿಧಾನದ ಮೇಲೆ ನನಗೆ ಗೌರವವಿದೆ. ಆದರೆ ಗುಳ್ಳೆಯ ಕಾಯಿಲೆಗಳಲ್ಲಿ ಇದೊಂದನ್ನೇ ನಂಬುವುದು ತಪ್ಪು.

ಹೊರಚರ್ಮದ ಕೋಶಗಳು ಒಂದರ ಕೈ ಒಂದು ಬಿಟ್ಟಿರುವುದನ್ನು ಈ ಬಣ್ಣ ಚೆನ್ನಾಗಿ ತೋರಿಸುತ್ತದೆ. ಬಿಡಿಸಿದ್ದು ಯಾವುದು ಎಂಬುದನ್ನು ಮಾತ್ರ ಹೇಳದು. ಹೇಯ್ಲಿ-ಹೇಯ್ಲಿ ಎಂಬ ವಂಶವಾಹಿ ಕಾಯಿಲೆಯಲ್ಲೂ ಕೋಶಗಳು ಹೀಗೇ ಬಿಡಿಬಿಡಿಯಾಗುತ್ತವೆ. ಅಲ್ಲಿ ಪ್ರತಿಕಾಯಗಳ ಕೈವಾಡವಿಲ್ಲ; ಪೆಂಫಿಗಸ್‌ಗೆ ಕೊಡುವ ರೋಗನಿರೋಧಕ ಶಕ್ತಿ ತಗ್ಗಿಸುವ ಭಾರೀ ಔಷಧಿಗಳನ್ನು ಆ ರೋಗಿಗೆ ಕೊಟ್ಟರೆ ಅನ್ಯಾಯ.

ಇಲ್ಲಿ ನೆರವಿಗೆ ಬರುವುದು ಡೈರೆಕ್ಟ್ ಇಮ್ಯುನೋಫ್ಲೋರೆಸೆನ್ಸ್. ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಸ್ವಂತ ಚರ್ಮದ ಮೇಲೇ ತಿರುಗಿಬೀಳುವ ಪ್ರತಿಕಾಯಗಳಿವೆ ಎಂದು ಬ್ಯೂಟ್ನರ್ ಮತ್ತು ಜೋರ್ಡನ್ 1964ರಲ್ಲಿ ತೋರಿಸಿದ್ದೂ ಫ್ಲೋರೆಸೆನ್ಸ್‌ನ ನೆರವಿನಿಂದಲೇ. ಹೆಪ್ಪುಗಟ್ಟಿಸಿ ಕೊಯ್ದ ಪದರಕ್ಕೆ ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ, ಒಂದೊಂದು ಕೋಶದ ಸುತ್ತಲೂ ಹಸಿರು ಗೆರೆ ಎದ್ದು ಹೊರಚರ್ಮವೆಲ್ಲ ಮೀನುಬಲೆಯಂತೆ ಕಾಣುತ್ತದೆ. ಬುಲ್ಲಸ್ ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆಯ ಕಾಯಿಲೆಯಾದರೆ ಬಲೆಯಿಲ್ಲ. ಹೊರಚರ್ಮ, ಒಳಚರ್ಮ ಕೂಡುವಲ್ಲಿ ನೀಳವಾದ ಒಂದೇ ಗೆರೆ.

ಹೊಳಪು ಬೇಗ ಮಾಸುವುದು ಇದರ ಕೊರತೆ. ಕಂಡ ಕೂಡಲೇ ಫೋಟೊ ತೆಗೆದಿಡಬೇಕು. ಇನ್ನೂ ದೊಡ್ಡ ತೊಡಕು ಪ್ರಯೋಗಾಲಯಕ್ಕೆ ಬರುವ ಮೊದಲೇ ಇದೆ. ಗುಳ್ಳೆಯನ್ನೇ ಕತ್ತರಿಸಿ ಕಳಿಸಿದರೆ ಅಲ್ಲಿನ ಪ್ರತಿಕಾಯಗಳು ಅಷ್ಟರಲ್ಲಿ ನಾಶವಾಗಿರಬಹುದು. ಪಕ್ಕದ, ನೋಡಲು ಸರಿಯಾಗಿರುವ ಚರ್ಮವೇ ಬೇಕು. ಫಾರ್ಮಾಲಿನ್‌ಗೆ ಹಾಕಿದರಂತೂ ಈ ಪರೀಕ್ಷೆಗೆ ಆ ಚೂರು ಕೆಟ್ಟಂತೆಯೇ; ಇದಕ್ಕೆ ಬೇರೆಯದೇ ಚೂರು ಬೇಕು. ಮೈಕೆಲ್ ದ್ರಾವಣದಲ್ಲಿಟ್ಟರೆ ಐಸ್ ಇಲ್ಲದೆಯೂ ಕೆಲವು ದಿನ ತಡೆಯುತ್ತದೆ. ಹಾಗಾಗಿ ತಾಲ್ಲೂಕು ಊರಿನಿಂದಲೂ ಕೊರಿಯರ್‌ನಲ್ಲಿ ಕಳಿಸಬಹುದು. ನಮ್ಮಲ್ಲಿ ಈ ಪರೀಕ್ಷೆಯ ಯಂತ್ರವಿಲ್ಲ ಎಂಬ ನೆಪ ನಿಲ್ಲುವುದಿಲ್ಲ.

ಗುಳ್ಳೆಯ ಕಾಯಿಲೆಗೆ ಬಯಾಪ್ಸಿ ಎಂದಾಗ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಎರಡು ಚೂರು ತೆಗೆಯುತ್ತೀರಾ, ಎರಡನೆಯದನ್ನು ಯಾವ ಬಾಟಲಿಗೆ ಹಾಕುತ್ತೀರಿ?