ಹಲಗಲಿಯ ಹತಾರ, ಸುಲಿಗೆಯ ಪಟ್ಟಿ

ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೆ ಸೇರಿದ ಮೇಲೆ ‘ಹಲಗಲಿ ಬೇಡರು’ ಲಾವಣಿ ನಮ್ಮ ತೊಂಡೇಬಾವಿಯಂಥ ಊರುಗಳಿಗೂ ಬಂತು. ಬಿ.ಎಸ್. ಗದ್ದಗಿಮಠ ಅವರ ‘ಕನ್ನಡ ಜನಪದ ಗೀತೆಗಳು’ ಸಂಪಾದನೆಯಿಂದ ಆರಿಸಿದ್ದು. ಕುರ್ತಕೋಟಿ ಕಲ್ಮೇಶನ ಅಂಕಿತವಿದೆ. ಸ್ವಾತಂತ್ರ್ಯ ಹೋರಾಟದ ಪದ್ಯವೆಂದೇ ಅದನ್ನು ಪಾಠ ಮಾಡುವ ರೂಢಿ. ಈ ಸೀಮೆಯಲ್ಲಿ ಹಾಗೆ ಓದುವುದು ಇನ್ನೂ ಸುಲಭ. ಇದೇ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ನೆನಪಿನ ಪಕ್ಕಕ್ಕೇ ಹಲಗಲಿಯನ್ನೂ ತಂದು ಕೂರಿಸುತ್ತೇವೆ. ಲಾವಣಿ ಅಲ್ಲಿ ಕೂರಲು ಒಪ್ಪುವುದಿಲ್ಲ.

ವಿದುರಾಶ್ವತ್ಥದವರ ಕೈಯಲ್ಲಿ ಬಾವುಟವಿತ್ತು, ಬೆನ್ನಿಗೆ ಕಾಂಗ್ರೆಸ್ ಇತ್ತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಇದ್ದದ್ದು ಹತಾರವೊಂದೇ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ತಂದ ಕಂಪನಿ ಸರ್ಕಾರ ಅದನ್ನೂ ಒಪ್ಪಿಸಿ ಎಂದಿತು. ಬೇಟೆಯಾಡಿ ಬದುಕುವವರಿಗೆ ಹತಾರವೆಂದರೆ ಅನ್ನವೂ ಹೌದು, ಮಾನವೂ ಹೌದು. ಪೂಜೇರಿ ಹನುಮ, ಬಾಲ, ಜಡಗ, ರಾಮ ಸೇರಿ ಮಸಲತ್ತು ಮಾಡುತ್ತಾರೆ. ಸರ್ಕಾರದ ಕಾರಕೂನನ ಕಪಾಳಕ್ಕೆ ಏಟು ಬೀಳುತ್ತದೆ. ಕಥೆ ಹೊರಡುವುದು ದೇಶ, ಸ್ವರಾಜ್ಯಗಳ ದೊಡ್ಡ ಮಾತಿನಿಂದಲ್ಲ, ಈ ಏಟಿನಿಂದ. ಬಂಡಾಯವೊಂದು ಇಷ್ಟು ಸಣ್ಣದಾಗಿ ಹೊತ್ತಿಕೊಳ್ಳುವುದನ್ನು ಕವಿ ಬಲು ಚೆನ್ನಾಗಿ ಬಲ್ಲ.

ಕಾಳಗದ ಭಾಗ ನನಗೆ ಅಷ್ಟು ರುಚಿಸುವುದಿಲ್ಲ. ಒಬ್ಬೊಬ್ಬ ವೀರನನ್ನೂ ಮೆರೆಸುತ್ತ ಹೋಗುವ ಆ ಧಾಟಿ ಎಷ್ಟೋ ಲಾವಣಿಗಳಲ್ಲಿ ಕೇಳಿದ್ದೇ. ಆದರೆ ಕಂಪನಿಯ ದಂಡು ಊರೊಳಗೆ ನುಗ್ಗಿ ಸುಲಿಗೆಗೆ ಇಳಿದಾಗ ಕವಿ ವೀರರನ್ನು ಬಿಟ್ಟು ಮನೆಗಳ ಒಳಹೊಗುತ್ತಾನೆ. ಬೀಸುಕಲ್ಲು, ಗಂಗಾಳ, ಚರಗಿ, ಬೆಣ್ಣೆ, ಮೊಸರು, ಜೀರಿಗೆ, ಬೆಲ್ಲ, ಉಪ್ಪು, ಕೊಡಲಿ, ಮಂಗಳಸೂತ್ರ, ಹೋದದ್ದನ್ನೆಲ್ಲ ಹೆಸರು ಹಿಡಿದು ಎಣಿಸುತ್ತಾನೆ. ಹತಾರ ಕಸಿಯಲು ಬಂದವರಿಗೆ ಬೀಸುಕಲ್ಲು ಏಕೆ ಬೇಕಿತ್ತು? ಚಿಟಿಕೆ ಜೀರಿಗೆ ಏಕೆ? ಆ ಪಟ್ಟಿಯೇ ಕೇಳುತ್ತದೆ. ಅಧಿಕಾರಿಗಳ ಮಾತಿನಲ್ಲಿ ‘ದಂಗೆ ಅಡಗಿಸಿದ್ದು’ ಎನಿಸಿಕೊಳ್ಳುವುದು ಒಂದು ಅಡುಗೆಮನೆಗೆ ಏನಾಗಿ ಬಂತು ಎಂಬುದನ್ನು ಇಷ್ಟು ಹತ್ತಿರದಿಂದ ಕಾಣಿಸಿದ ಪದ್ಯ ಕನ್ನಡದಲ್ಲಿ ಅಪರೂಪ.

1857ರ ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6, ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು. ಪಾಠ ಮಾಡುವ ಮೇಷ್ಟ್ರು ಪದ್ಯದ ಜೊತೆಗೇ ಇದನ್ನೂ ಹೇಳಬೇಕು. ತೆಲುಗು ಬೆರೆತ ಕನ್ನಡದಲ್ಲಿ ಬೆಳೆಯುವ ನಮ್ಮ ಕಡೆಯ ಮಕ್ಕಳಿಗೆ ಬಾಗಲಕೋಟೆ ಸೀಮೆಯ ಮಾತು ತೊಡಕೆನಿಸುವುದು ಸಹಜ. ಹಾಗೆಂದು ಗೈಡಿನ ಸಾರಾಂಶ ಬಾಯಿಪಾಠ ಮಾಡಿಸಿದರೆ ಮೊದಲು ಕಳೆದುಹೋಗುವುದು ಆ ಪಟ್ಟಿಯೇ. ‘ಊರನ್ನು ಲೂಟಿ ಮಾಡಿದರು’ ಎಂಬ ಒಂದು ಸಾಲಿಗೆ ಅದು ಇಳಿದುಬಿಡುತ್ತದೆ. ಡಪ್ಪು, ತುಂತುಣಿ ಸಿಗದಿದ್ದರೂ ಸರಿ, ತರಗತಿಯಲ್ಲಿ ಅದನ್ನು ಒಂದು ಸಾಮಾನೂ ಬಿಡದಂತೆ ಗಟ್ಟಿಯಾಗಿ ಹಾಡಿಸಬೇಕು.