ತವರಿಲ್ಲದ ಮೂರು ತಂಡಗಳು

2016ರ ಜುಲೈ 31ರ ರಾತ್ರಿ ನಾನು ಪದವಿ ಓದುತ್ತಿದ್ದ ಊರಿನ ಹಾಸ್ಟೆಲಿನಲ್ಲಿ ಕಬಡ್ಡಿ ನೋಡುತ್ತಿದ್ದೆ. ಹೈದರಾಬಾದಿನಲ್ಲಿ ಪ್ರೊ ಕಬಡ್ಡಿ ನಾಲ್ಕನೇ ಆವೃತ್ತಿಯ ಫೈನಲ್ ಇತ್ತು. ಅದರ ಜೊತೆಗೇ ಹೆಂಗಸರ ಫೈನಲ್ಲೂ ಇತ್ತು: ಸ್ಟಾರ್ಮ್ ಕ್ವೀನ್ಸ್ ಮತ್ತು ಫೈರ್ ಬರ್ಡ್ಸ್. ನಾನೂ ಕಾಲೇಜು ತಂಡದಲ್ಲಿ ರೇಡರ್ ಆಗಿದ್ದವಳು. ಟಿವಿಗೆ ಹತ್ತಿರದ ಕುರ್ಚಿ ಹಿಡಿದು ಕೂತಿದ್ದೆ. ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಳು: "ಯಾವ ಊರಿನ ಹುಡಿಗ್ಯಾರವಾ ಇವ್ರು?"

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅಜ್ಜಿ ಒಂದು ಗಳಿಗೆ ನಿಂತು, ಮತ್ತೆ ಒಲೆಯ ಕಡೆ ಹೋದಳು.

ಉತ್ತರ ಇರಲಿಲ್ಲವೆಂದಲ್ಲ. ಎರಡೂ ತಂಡಗಳ ನಾಯಕಿಯರು ಕನ್ನಡದವರೇ. ಸ್ಟಾರ್ಮ್ ಕ್ವೀನ್ಸ್‌ಗೆ ಬೆಂಗಳೂರಿನ ತೇಜಸ್ವಿನಿ ಬಾಯಿ, ಫೈರ್ ಬರ್ಡ್ಸ್‌ಗೆ ಕಾರ್ಕಳದ ಕಡೆಯ ಮಮತಾ ಪೂಜಾರಿ. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು, ಇಬ್ಬರೂ 2010ರ ಗುವಾಂಗ್‌ಝೌ ಮತ್ತು 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. 2012ರಲ್ಲಿ ಪಟ್ನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದಾಗ ಮಮತಾ ನಾಯಕಿ. ಆ ರಾತ್ರಿ ಸ್ಟಾರ್ಮ್ ಕ್ವೀನ್ಸ್ 24-23ರಿಂದ ಗೆದ್ದಿತು, ಒಂದೇ ಒಂದು ಅಂಕ. ವಿಮೆನ್ಸ್ ಕಬಡ್ಡಿ ಚಾಲೆಂಜ್ ಎಂಬ ಆ ಲೀಗಿಗೆ ಎರಡನೆಯ ಆವೃತ್ತಿ ಬರಲಿಲ್ಲ.

ಯಾಕೆ ಬರಲಿಲ್ಲವೆಂದು ಲೆಕ್ಕಪತ್ರ ಬಲ್ಲವರು ಬೇರೆ ಕಾರಣ ಹೇಳಬಹುದು. ನಾನು ಸಾಹಿತ್ಯದ ವಿದ್ಯಾರ್ಥಿನಿ, ನನ್ನ ಸಂಶೋಧನೆ ಮಹಿಳೆಯರ ಆತ್ಮಕಥನಗಳಲ್ಲಿ ಹೆಸರಿಡುವ ಕ್ರಮದ ಬಗ್ಗೆ. ಹಾಗಾಗಿ ಆ ಲೀಗನ್ನು ಒಂದು ಪಠ್ಯದ ಹಾಗೆ, ಅದರ ಹೆಸರುಗಳಿಂದ ಓದುತ್ತೇನೆ. ಗಂಡಸರ ತಂಡಗಳನ್ನು ನೋಡಿ: ಬೆಂಗಳೂರು ಬುಲ್ಸ್, ಪಟ್ನಾ ಪೈರೇಟ್ಸ್, ಜೈಪುರ ಪಿಂಕ್ ಪ್ಯಾಂಥರ್ಸ್. ಒಂದಕ್ಕಂತೂ ಊರಿನ ಬದಲು ಭಾಷೆಯೇ ಇದೆ, ತೆಲುಗು ಟೈಟನ್ಸ್. (ಕನ್ನಡದ ಹೆಸರಿನಲ್ಲಿ ಯಾಕೆ ತಂಡವಿಲ್ಲ ಎಂಬುದು ಬೇರೆಯೇ ಲೇಖನ.) ಹೆಂಗಸರದು ಮೂರೇ ತಂಡ: ಸ್ಟಾರ್ಮ್ ಕ್ವೀನ್ಸ್, ಫೈರ್ ಬರ್ಡ್ಸ್, ಐಸ್ ದಿವಾಸ್. ಬಿರುಗಾಳಿ, ಬೆಂಕಿ, ಮಂಜು. ರಾಣಿಯರು, ಹಕ್ಕಿಗಳು, ಚೆಲುವೆಯರು. ಪಂಚಭೂತಗಳಿವೆ, ಒಂದೂ ಊರಿಲ್ಲ.

ಕನ್ನಡ ಪತ್ರಿಕೆಗಳ ಕ್ರೀಡಾಪುಟದ ಭಾಷೆಯಲ್ಲಿ ಇದನ್ನು ಇಟ್ಟು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. 'ತವರು ಅಂಗಳ', 'ತವರಿನಲ್ಲಿ ಸೋಲು', 'ತವರು ಪ್ರೇಕ್ಷಕರ ಬೆಂಬಲ' ಎಂದು ನಾವು ದಿನಾ ಓದುತ್ತೇವೆ. ತವರು ಎಂಬುದು ಕೊಟ್ಟ ಹೆಣ್ಣಿನ ಮಾತು. ಬೀಸುವ ಕಲ್ಲಿನ ಮುಂದೆ ಹಾಡಾಗಿ ಬಂದದ್ದು, ಪಂಚಮಿಗೆ ಅಣ್ಣ ಕರೆಯಲು ಬರುವ ದಾರಿ ಕಾಯ್ದದ್ದು. ಗಂಡಸಿಗೆ ತವರಿನ ಅಗತ್ಯವೇ ಇರಲಿಲ್ಲ, ಅವನು ಅಲ್ಲೇ ಇರುತ್ತಿದ್ದ. ಆ ಪದವನ್ನು ಕ್ರೀಡಾ ವರದಿಗಾರರು ಗಂಡಸರ ತಂಡಕ್ಕೆ ಕೊಟ್ಟರು. ಹೆಂಗಸರ ಲೀಗ್ ಬಂದಾಗ ಅವರ ಪಂದ್ಯಗಳು ಗಂಡಸರ ಪಂದ್ಯ ನಡೆದ ಊರುಗಳಲ್ಲೇ ನಡೆದವು. ಎಲ್ಲಿ ಹೋದರೂ ಅವರು ಇನ್ನೊಬ್ಬರ ತವರಿಗೆ ಬಂದ ನೆಂಟರು.

2017ರಲ್ಲಿ ಬೆಂಗಳೂರು ಬುಲ್ಸ್ ತನ್ನ 'ತವರು' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. ಆದರೂ ವರದಿಗಳಲ್ಲಿ ಅದು ತವರೇ ಆಗಿತ್ತು. ಹೆಸರಿನಲ್ಲಿ ಊರಿದ್ದರೆ ತವರನ್ನು ಹೊತ್ತುಕೊಂಡು ಹೋಗಬಹುದು. 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು, ಗುಜರಾತ್ ವಿರುದ್ಧ 38-33ರಿಂದ ಬುಲ್ಸ್ ಕಪ್ ಗೆದ್ದಾಗ, ಆ ದೆಹಲಿ ಕಡೆಯ ಹುಡುಗ ನಮ್ಮವನಾಗಲು ಅಷ್ಟೇ ಸಾಕಾಯಿತು.

ನಾನೀಗ ಇರುವುದು ಬೆಂಗೇರಿಯಲ್ಲಿ. ವಾರಕ್ಕೆ ನಾಲ್ಕು ದಿನ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗುತ್ತೇನೆ. ಇಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಬಹುಪಾಲು ಹೆಂಗಸರು. ಆ ಕಡೆ ಹಾದು ಹೋಗುವಾಗ ತೇಜಸ್ವಿನಿ, ಮಮತಾ ನೆನಪಾಗುತ್ತಾರೆ. ಅವರಿಗೆ ದೇಶವಿತ್ತು, ಬಾವುಟವಿತ್ತು. ಊರನ್ನು ಮಾತ್ರ ಯಾರೂ ಕೊಡಲಿಲ್ಲ. ನಮ್ಮ ಕಡೆ ಅಡ್ಡಹೆಸರುಗಳೇ ಊರುಗಳು: ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ, ಬೆಂಗೇರಿ. ಮದುವೆಯಾದ ಮೇಲೆ ಹೆಂಗಸಿನ ಹೆಸರಿನಿಂದ ಮೊದಲು ಬಿದ್ದು ಹೋಗುವುದೂ ಅದೇ. ನನ್ನ ಜೊತೆ ಆಡಿದ ಏಳು ಜನರಲ್ಲಿ ಐವರ ಅಡ್ಡಹೆಸರು ಈಗ ಬೇರೆ. ಫೋನಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ನನ್ನ ವಾದಕ್ಕೆ ಒಂದು ತೊಡಕಿದೆ, ಮುಚ್ಚಿಡುವುದು ಸರಿಯಲ್ಲ. 2015ರಲ್ಲಿ ಶುರುವಾದ ಯುಬಿಎ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ತಂಡಗಳಿಗೆಲ್ಲ ಊರಿತ್ತು, ರಾಜ್ಯವಿತ್ತು. ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಪಂಜಾಬ್ ಸ್ಟೀಲರ್ಸ್. ಆಡಿದವರು ಗಂಡಸರೇ. 2017ರ ನಂತರ ಅದೂ ಇಲ್ಲ. ಊರಿನ ಹೆಸರು ಯಾವ ಲೀಗನ್ನೂ ಬದುಕಿಸಲಾರದು. ಆದರೆ ಅದು ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡುತ್ತದೆ, ಇನ್ನೈದು ನಿಮಿಷ ಅವಳನ್ನು ಟಿವಿ ಮುಂದೆ ಕೂರಿಸುತ್ತದೆ. ವಿಮೆನ್ಸ್ ಚಾಲೆಂಜ್ ಸೋತದ್ದು ಆ ಐದು ನಿಮಿಷದಲ್ಲಿ ಎಂದು ನನಗನಿಸುತ್ತದೆ.

2024ರ ಮಾರ್ಚ್ 17ರ ರಾತ್ರಿ ಆರ್‌ಸಿಬಿ ಹೆಂಗಸರು ದೆಹಲಿಯನ್ನು ಸೋಲಿಸಿ ಕಪ್ ಗೆದ್ದಾಗ ನಮ್ಮ ಓಣಿಯಲ್ಲಿ ಪಟಾಕಿ ಹಾರಿತು. ಮರುದಿನ ಹಾಲು ತರಲು ಹೋದಾಗ ಕಿರಾಣಿ ಅಂಗಡಿಯ ಅಣ್ಣ "ನಮ್ಮ ಹುಡಿಗ್ಯಾರು ಗೆದ್ರು ನೋಡ್ರಿ" ಎಂದ. ನಾಯಕಿ ಸ್ಮೃತಿ ಮಂದಾನ ಸಾಂಗ್ಲಿಯವಳಲ್ಲವೇ, ನಮ್ಮವಳು ಹೇಗಾದಳು ಎಂದು ಕೆಣಕಿದೆ. ಅವನು ಚಿಲ್ಲರೆ ಎಣಿಸುತ್ತಲೇ ಹೇಳಿದ: "ಹೆಸರಿನಾಗ ಬೆಂಗಳೂರು ಐತಲ್ರೀ ಅಕ್ಕಾರ."